ಒಬ್ಬರೇ, ಒಂದು ವಾರ, ಒಂದು ಟೆಂಟ್: ಸ್ಕಾಟ್ಲೆಂಡಿನ ಯಾವ ದ್ವೀಪಕ್ಕೆ ಹೋಗಬೇಕು?

ಸ್ಕಾಟ್ಲೆಂಡಿನ ದ್ವೀಪಕ್ಕೆ ಟೆಂಟ್ ಹೊತ್ತು ಒಬ್ಬರೇ ಹೋಗಬೇಕು ಅಂದುಕೊಂಡವರೆಲ್ಲ ಮೊದಲು ಹುಡುಕುವುದು ಸ್ಕೈ ಅನ್ನುವ ದ್ವೀಪವನ್ನು. ಫೋಟೋಗಳು ಹಾಗಿವೆ, ಏನು ಮಾಡೋದು. ಆದರೆ ಆ ಫೋಟೋ ತೆಗೆದ ದಿನ ಬಿಸಿಲಿತ್ತು, ತೆಗೆದವರ ಕಾರು ಅಲ್ಲೇ ಪಕ್ಕದಲ್ಲಿ ನಿಂತಿತ್ತು. ನಿಮ್ಮ ಹತ್ತಿರ ಕಾರಿಲ್ಲ, ಬೆನ್ನ ಮೇಲೆ ಹನ್ನೆರಡು ಹದಿನೈದು ಕಿಲೋ ಇದೆ, ಮತ್ತು ಒಂದು ವಾರದಲ್ಲಿ ಎರಡು ದಿನವಾದರೂ ಎರಚಲು ಮಳೆ ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಹಾಗಾಗಿ ನಾನು ದ್ವೀಪಗಳನ್ನು ಹೋಲಿಸುವುದು ಒಂದೇ ಪ್ರಶ್ನೆಯಿಂದ. ಮೂರನೇ ದಿನ ಬೆಳಿಗ್ಗೆ ಎದ್ದಾಗ ಸ್ಲೀಪಿಂಗ್ ಬ್ಯಾಗ್ ಒದ್ದೆ, ಹೊರಗೆ ನಿಲ್ಲಲಾಗದ ಗಾಳಿ. ಆಗ ಈ ದ್ವೀಪದಲ್ಲಿ ಎಲ್ಲಿಗೆ ಹೋಗಬಹುದು? ಬಸ್ ಸಿಗುತ್ತದಾ, ಒಂದು ಸೂರು ಸಿಗುತ್ತದಾ, ಬಿಸಿ ಏನಾದರೂ ಕುಡಿಯಲು ಸಿಗುತ್ತದಾ? ಜೊತೆಗೆ ಸ್ನೇಹಿತರಿದ್ದರೆ ಇಂಥ ದಿನವನ್ನು ನಗುತ್ತಾ ಕಳೆಯಬಹುದು. ಒಬ್ಬರೇ ಇದ್ದಾಗ ಹಾಗಾಗುವುದಿಲ್ಲ. ನೋಡುವ ಜಾಗಗಳ ಪಟ್ಟಿ ಎಲ್ಲ ದ್ವೀಪದಲ್ಲೂ ಉದ್ದ ಇದೆ, ಅದರಿಂದ ಯಾವುದನ್ನೂ ಆರಿಸಲಾಗುವುದಿಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ: ಒಂದು ವಾರಕ್ಕೆ ಒಂದೇ ದ್ವೀಪ. ಮೂರು ದ್ವೀಪ ಮುಟ್ಟಿ ಬರುತ್ತೇನೆ ಅಂತ ಹೊರಟರೆ ಅರ್ಧ ರಜೆ ಬಂದರಿನ ಬೆಂಚಿನ ಮೇಲೆ ಮುಗಿಯುತ್ತದೆ.

ಟೆಂಟ್ ಎಲ್ಲಿ ಹಾಕಬಹುದು

ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣೆ ಕಾಯ್ದೆ ಪ್ರಕಾರ ಬೇಲಿಯಿಲ್ಲದ ಬಹುತೇಕ ಬೆಟ್ಟ, ಬಯಲು, ಕಡಲತೀರದಲ್ಲಿ ಯಾರ ಅನುಮತಿಯೂ ಇಲ್ಲದೆ ಟೆಂಟ್ ಹಾಕಬಹುದು. ಇಂಗ್ಲೆಂಡಿನಲ್ಲಿ ಡಾರ್ಟ್‌ಮೂರ್ ಬಿಟ್ಟರೆ ಈ ಹಕ್ಕಿಲ್ಲ, ಲಂಡನ್ ಕಡೆಯ ಗೆಳೆಯರು ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಬೇಡಿ. ಹಕ್ಕಿನ ಜೊತೆ ಜವಾಬ್ದಾರಿಯೂ ಇದೆ. ಮನೆ ಮತ್ತು ರಸ್ತೆಯಿಂದ ದೂರ ಇರಬೇಕು, ಬೆಳೆ ಇರುವ ಹೊಲ ಬೇಡ, ಒಂದೇ ಕಡೆ ಎರಡು ಮೂರು ರಾತ್ರಿಗಿಂತ ಜಾಸ್ತಿ ಬೇಡ, ಕಸ ಎಲ್ಲ ವಾಪಸ್ ಚೀಲಕ್ಕೆ. ಶೌಚಕ್ಕೆ ಹಳ್ಳ, ಕೆರೆಗಳಿಂದ ಕನಿಷ್ಠ 30 ಮೀಟರ್ ದೂರ ಹೋಗಿ ಗುಂಡಿ ತೋಡಿ ಮುಚ್ಚಬೇಕು, ಅದಕ್ಕೊಂದು ಚಿಕ್ಕ ಸಲಿಕೆ ಇಟ್ಟುಕೊಳ್ಳಿ. ಬೆಂಕಿ ಹಾಕುವ ಆಸೆಯನ್ನು ಬಿಟ್ಟುಬಿಡಿ. ಅಲ್ಲಿನ ಪೀಟ್ ಮಣ್ಣಿಗೆ, ಅಂದರೆ ಅರೆಕೊಳೆತ ಗಿಡಗಳಿಂದಾದ ನೆಲಕ್ಕೆ, ಕಿಡಿ ತಗುಲಿದರೆ ನೆಲದೊಳಗೇ ಹೊಗೆಯಾಡುತ್ತಾ ಹರಡುತ್ತದೆ. ಅಡುಗೆಗೆ ಗ್ಯಾಸ್ ಸ್ಟೋವ್ ಸಾಕು.

ಎಲ್ಲ ರಾತ್ರಿಯೂ ಕಾಡಲ್ಲೇ ಕಳೆಯಬೇಕು ಅನ್ನುವ ಹಟ ಬೇಡ. ಅರ್ಧ ಕ್ಯಾಂಪ್‌ಸೈಟಿನಲ್ಲಿ, ಅರ್ಧ ಬಯಲಲ್ಲಿ ಇದ್ದರೆ ಬಟ್ಟೆ ಒಣಗಿಸಲು, ಫೋನ್ ಚಾರ್ಜ್ ಮಾಡಲು, ಸ್ನಾನ ಮಾಡಲು ಅವಕಾಶ ಸಿಗುತ್ತದೆ. ಜೊತೆಗೆ ಒಂದೆರಡು ಮನುಷ್ಯರ ಮುಖ ನೋಡಿದ ಹಾಗೂ ಆಗುತ್ತದೆ.

ಆರನ್: ಮೊದಲ ಸಲ ಹೋಗುವವರಿಗೆ

ಕಣ್ಣು ಮುಚ್ಚಿಕೊಂಡು ಒಂದು ಹೆಸರು ಹೇಳಿ ಅಂದರೆ ಆರನ್ ಅನ್ನುತ್ತೇನೆ. ಸ್ಕಾಟ್ಲೆಂಡಿನ ಚಿಕ್ಕ ಪ್ರತಿರೂಪ ಅಂತ ಇದನ್ನು ಕರೆಯುವುದು ಜಾಹೀರಾತಿನ ಮಾತಿನ ಹಾಗೆ ಕೇಳಿಸಿದರೂ ಅದಕ್ಕೆ ಕಾರಣ ಇದೆ. ಸ್ಕಾಟ್ಲೆಂಡಿನ ಎತ್ತರದ ಸೀಮೆ ಮತ್ತು ತಗ್ಗಿನ ಸೀಮೆಯನ್ನು ಬೇರೆ ಮಾಡುವ ಭೂಪದರದ ಬಿರುಕು ಈ ದ್ವೀಪದ ನಡುವೆಯೇ ಹಾದುಹೋಗುತ್ತದೆ. ಹಾಗಾಗಿ ಉತ್ತರದಲ್ಲಿ ಚೂಪು ಗ್ರಾನೈಟ್ ಬೆಟ್ಟ, ದಕ್ಷಿಣದಲ್ಲಿ ಹಸಿರು ದಿಬ್ಬ, ಹೊಲ. ಆಧುನಿಕ ಭೂವಿಜ್ಞಾನದ ಪಿತಾಮಹ ಎನಿಸಿಕೊಂಡ ಜೇಮ್ಸ್ ಹಟನ್ 1787ರಲ್ಲಿ ಇಲ್ಲಿಗೆ ಬಂದು ಲಾಕ್‌ರ‍್ಯಾಂಜಾ ಹತ್ತಿರದ ದಡದಲ್ಲಿ, ಒಂದರ ಮೇಲೊಂದು ಬೇರೆ ಬೇರೆ ಕೋನದಲ್ಲಿ ಕೂತ ಬಂಡೆಗಳನ್ನು ನೋಡಿದ. ಭೂಮಿ ಜನ ಅಂದುಕೊಂಡಿದ್ದಕ್ಕಿಂತ ಬಹಳ ಹಳೆಯದು ಅನ್ನುವ ಅವನ ವಾದಕ್ಕೆ ಇಂಥ ಬಂಡೆಗಳೇ ಆಧಾರ. ಆ ಜಾಗಕ್ಕೆ ಊರಿಂದ ನಡೆದೇ ಹೋಗಬಹುದು.

ಹೋಗುವುದು ಸುಲಭ. ಗ್ಲಾಸ್ಗೋ ಸೆಂಟ್ರಲ್‌ನಿಂದ ಒಂದು ಗಂಟೆಯೊಳಗೆ ರೈಲು ಬಂದರಿನ ಊರಿಗೆ ಮುಟ್ಟಿಸುತ್ತದೆ, ಅಲ್ಲಿಂದ ಫೆರಿಯಲ್ಲಿ ಬ್ರಾಡಿಕ್. ಹಳೆಯ ಬಂದರು ಆರ್ಡ್ರೊಸನ್. 2025ರಲ್ಲಿ ಬಂದ ದೊಡ್ಡ ಹಡಗು ಟ್ರೂನ್‌ನಿಂದ ಹೊರಡುತ್ತದೆ. ಎರಡೂ ಬೇರೆ ಬೇರೆ ಊರು, ಹಾಗಾಗಿ ಟಿಕೆಟ್ ತೆಗೆಯುವಾಗ ಬಂದರಿನ ಹೆಸರನ್ನು ಎರಡು ಸಲ ಓದಿ. ಬ್ರಾಡಿಕ್‌ನಲ್ಲಿ ಇಳಿದರೆ ಸೂಪರ್‌ಮಾರ್ಕೆಟ್, ಔಷಧಿ ಅಂಗಡಿ, ದ್ವೀಪ ಸುತ್ತುವ ಬಸ್ಸು ಎಲ್ಲ ಅಲ್ಲೇ ಇವೆ.

ಒಂದು ವಾರಕ್ಕೆ ಹೇಳಿ ಮಾಡಿಸಿದ ಹಾಗೆ ಇಲ್ಲೊಂದು ದಾರಿ ಇದೆ, ಆರನ್ ಕರಾವಳಿ ಹಾದಿ. ಸುಮಾರು 105 ಕಿಲೋಮೀಟರ್, ಬ್ರಾಡಿಕ್‌ನಿಂದ ಹೊರಟು ಇಡೀ ದ್ವೀಪ ಸುತ್ತಿ ಮತ್ತೆ ಬ್ರಾಡಿಕ್‌ಗೇ ಬರುತ್ತದೆ. ಇದರ ದೊಡ್ಡ ಗುಣ ಅಂದರೆ ಬಹುಪಾಲು ಕಡೆ ಬಸ್ ರಸ್ತೆ ಹತ್ತಿರದಲ್ಲೇ ಇರುವುದು. ಕಾಲು ನೋವು ಬಂತು, ಮಳೆ ಜಾಸ್ತಿಯಾಯಿತು, ಇಲ್ಲಾ ಸುಮ್ನೆ ಬೇಜಾರಾಯಿತು ಅಂದರೆ ರಸ್ತೆಗೆ ಹತ್ತಿ ಬಸ್ಸಿಗೆ ಕಾಯಬಹುದು. ಹಾಗಂತ ಇಡೀ ಹಾದಿ ಸಲೀಸು ಅಂತಲ್ಲ. ಉತ್ತರದಲ್ಲಿ ಸ್ಯಾನಕ್ಸ್‌ನಿಂದ ಲಾಕ್‌ರ‍್ಯಾಂಜಾವರೆಗೆ ರಸ್ತೆ ಇಲ್ಲ, ದಕ್ಷಿಣದಲ್ಲಿ ಬೆನನ್ ಹೆಡ್ ಹತ್ತಿರ ದೊಡ್ಡ ದೊಡ್ಡ ಬಂಡೆಗಳ ಮೇಲೆ ದಾಟಬೇಕು, ಅದೂ ಕಡಲು ಇಳಿತದಲ್ಲಿದ್ದಾಗ ಮಾತ್ರ. ಆ ದಿನದ ಉಬ್ಬರ ಇಳಿತದ ಸಮಯ ನೋಡದೆ ಅಲ್ಲಿಗೆ ಕಾಲಿಡಬೇಡಿ.

ನಡುವೆ ಒಂದು ದಿನ ಭಾರ ಎಲ್ಲ ಟೆಂಟಿನಲ್ಲಿ ಬಿಟ್ಟು ಗೋಟ್‌ಫೆಲ್ ಹತ್ತಿ. 874 ಮೀಟರ್, ಬ್ರಾಡಿಕ್‌ನಿಂದ ಹೊರಟು ಬರಲು ಒಂದು ದಿನ ಧಾರಾಳ ಸಾಕು. ಪಶ್ಚಿಮಕ್ಕೆ ಮಾಕ್ರಿ ಮೂರ್ ಬಯಲಿನಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ನಿಲುಗಲ್ಲುಗಳಿವೆ. ಲಾಕ್‌ರ‍್ಯಾಂಜಾ ಕ್ಯಾಂಪ್‌ಸೈಟಿನಲ್ಲಿ ಸಂಜೆ ಕೆಂಪು ಜಿಂಕೆಗಳು ಟೆಂಟುಗಳ ನಡುವೆಯೇ ಮೇಯುತ್ತಾ ಬರುತ್ತವೆ, ತಿನ್ನುವ ವಸ್ತು ಹೊರಗಿಡಬೇಡಿ. ಮಳೆಯ ದಿನಕ್ಕೆ ಬ್ರಾಡಿಕ್ ಕೋಟೆ ಇದೆ, ಮ್ಯೂಸಿಯಂ ಇದೆ, ಲಾಕ್‌ರ‍್ಯಾಂಜಾದಲ್ಲಿ ವಿಸ್ಕಿ ಡಿಸ್ಟಿಲರಿ ಇದೆ. ಕುಡಿಯದಿದ್ದರೂ ಒಳಗೆ ಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ ಲಾಕ್‌ರ‍್ಯಾಂಜಾದಿಂದ ಮುಖ್ಯ ಭೂಭಾಗದ ಕಿಂಟೈರ್ ಕಡೆಗೆ ಇನ್ನೊಂದು ಚಿಕ್ಕ ಫೆರಿ ಓಡುತ್ತದೆ. ಅಂದರೆ ದ್ವೀಪಕ್ಕೆ ಎರಡು ಬಾಗಿಲು, ಇದು ಸಣ್ಣ ವಿಷಯವಲ್ಲ.

ಕೊರತೆ ಏನು ಅಂದರೆ, ಇಲ್ಲಿ ನಿಜವಾದ ಒಂಟಿತನ ಸಿಗುವುದಿಲ್ಲ. ಶನಿವಾರ ಭಾನುವಾರ ಗ್ಲಾಸ್ಗೋ ಜನ ಬರುತ್ತಾರೆ. ನಿಮಗೆ ಬೇಕಿರುವುದು ಮನುಷ್ಯರ ಸುಳಿವೇ ಇಲ್ಲದ ದಡ ಆದರೆ ಮುಂದೆ ಓದಿ.

ಸ್ಕೈ: ಚೆಂದ ಹೌದು, ಆದರೆ

1995ರಲ್ಲಿ ಸೇತುವೆ ಬಂದಿದೆ, ಗ್ಲಾಸ್ಗೋದಿಂದ ನೇರ ಬಸ್ಸೂ ಇದೆ. ಸಮಯ ಇದ್ದರೆ ರೈಲಿನಲ್ಲಿ ಮ್ಯಾಲೆಗ್‌ವರೆಗೆ ಹೋಗಿ ಫೆರಿ ಹತ್ತಿ, ಆ ರೈಲು ದಾರಿಗಾಗಿಯೇ ಜನ ಬರುತ್ತಾರೆ. ಸ್ಟಾರ್ ಬೆಟ್ಟದ ಕಲ್ಲುಕಂಬ, ಕ್ವಿರಾಂಗ್‌ನ ಬಂಡೆಗಳು, ಕೂಲಿನ್ ಬೆಟ್ಟಸಾಲು ಯಾವುದೂ ಹೊಗಳಿಕೆಗೆ ಕಮ್ಮಿ ಇಲ್ಲ.

ತೊಂದರೆ ಎರಡು. ಒಂದು, ಪ್ರಸಿದ್ಧ ಜಾಗಗಳು ಒಂದಕ್ಕೊಂದು ದೂರ, ನಡುವೆ ಬಸ್ ಕಡಿಮೆ. ಜುಲೈ ಆಗಸ್ಟಲ್ಲಿ ಪೋರ್ಟ್ರೀ ಊರಿನಲ್ಲಿ ಹಾಸ್ಟೆಲ್ ಹಾಸಿಗೆ ಮೊದಲೇ ಭರ್ತಿಯಾಗಿರುತ್ತದೆ, ಮಳೆಯಲ್ಲಿ ನೆನೆದು ಹೋಗಿ ಕೇಳಿದರೆ ಸಿಗುವುದು ಕಷ್ಟ. ಎರಡು, ಕೂಲಿನ್ ಬೆಟ್ಟ ಒಬ್ಬರೇ ಹತ್ತುವ ಜಾಗ ಅಲ್ಲ. ಅಲ್ಲಿನ ಅತಿ ಎತ್ತರದ ಶಿಖರ 992 ಮೀಟರ್ ಮಾತ್ರ, ನಮ್ಮ ಮುಳ್ಳಯ್ಯನಗಿರಿಯ ಅರ್ಧವೂ ಬಂತೋ ಇಲ್ಲವೋ ಅಂತ ನಗಬೇಡಿ. ಅಂಚು ಬ್ಲೇಡಿನ ಹಾಗೆ, ಹಲವು ಕಡೆ ಹಗ್ಗ ಬೇಕು, ಬಂಡೆಯಲ್ಲಿ ಕಬ್ಬಿಣದ ಅಂಶ ಇರುವುದರಿಂದ ದಿಕ್ಸೂಚಿಯೇ ತಪ್ಪು ತೋರಿಸುತ್ತದೆ, ಮಂಜು ಬಂದರೆ ಮುಗಿಯಿತು.

ಉತ್ತರದ ತುದಿಯಿಂದ ಬ್ರಾಡ್‌ಫರ್ಡ್‌ವರೆಗೆ ಸ್ಕೈ ಟ್ರೇಲ್ ಅಂತ 128 ಕಿಲೋಮೀಟರ್ ಹಾದಿ ಇದೆ. ಗುರುತು ಫಲಕ ಇಲ್ಲ, ನಕ್ಷೆ ಓದಲು ಬರಲೇಬೇಕು. ಟ್ರಾಟರ್ನಿಶ್ ಬೆಟ್ಟಸಾಲಿನ ಮೇಲೆ ಗಾಳಿಗೆ ಅಡ್ಡ ಅನ್ನುವುದು ಒಂದೂ ಇಲ್ಲ. ಅಭ್ಯಾಸ ಇದ್ದವರಿಗೆ ಇದು ಅದ್ಭುತ ವಾರ. ಮೊದಲ ಸಲದವರಿಗೆ ನಾನು ಹೇಳುವುದು ಸ್ಲಿಗಾಕನ್ ಕ್ಯಾಂಪ್‌ಸೈಟ್. ಬಸ್ ಬಾಗಿಲಲ್ಲೇ ನಿಲ್ಲುತ್ತದೆ, ಅಲ್ಲಿಂದ ಕಣಿವೆಯೊಳಗೆ ನಡೆದು ಕಮಸೂನರಿ ಕೊಲ್ಲಿಗೆ ಹೋಗಬಹುದು. ಕೊಲ್ಲಿಯಲ್ಲಿ ಒಂದು ಬಾತಿ ಇದೆ, ಅಂದರೆ ಯಾರು ಬೇಕಾದರೂ ಪುಕ್ಕಟೆ ತಂಗಬಹುದಾದ, ಬೀಗ ಇಲ್ಲದ ಕಲ್ಲುಮನೆ. ಕರೆಂಟಿಲ್ಲ, ನಲ್ಲಿಯಿಲ್ಲ, ಆದರೆ ಸೂರು ಇದೆಯಲ್ಲ!

ಮಲ್

ಪ್ರಾಣಿ ಪಕ್ಷಿ ನೋಡುವ ಹುಚ್ಚಿದ್ದರೆ ಮಲ್. ಬ್ರಿಟನ್ನಿನಲ್ಲಿ ಪೂರ್ತಿ ಅಳಿದುಹೋಗಿದ್ದ ಬಿಳಿಬಾಲದ ಕಡಲ ಹದ್ದನ್ನು 1975ರಿಂದ ನಾರ್ವೆಯಿಂದ ತಂದು ರಮ್ ದ್ವೀಪದಲ್ಲಿ ಬಿಟ್ಟರು. ಅವುಗಳ ಮೊದಲ ಮರಿ ಗೂಡು ಬಿಟ್ಟು ಹಾರಿದ್ದು 1985ರಲ್ಲಿ, ಮಲ್‌ನಲ್ಲಿ. ಈಗ ಇಲ್ಲಿ ಅವನ್ನು ನೋಡದೆ ವಾಪಸ್ ಬರುವುದೇ ಕಷ್ಟ. ನೀರುನಾಯಿಗಳೂ ಇವೆ. ಫಿಯನ್‌ಫರ್ಟ್ ಊರಿನ ಹತ್ತಿರ ಫಿಡನ್ ಅನ್ನುವ ಕಡಲ ದಡದ ಕ್ಯಾಂಪ್‌ಸೈಟ್ ಇದೆ. ಅಲ್ಲಿ ಟೆಂಟ್ ಬಿಟ್ಟು ಹತ್ತು ನಿಮಿಷದ ಫೆರಿಯಲ್ಲಿ ಅಯೋನಾಗೆ ಹೋಗಬಹುದು. 563ರಲ್ಲಿ ಸಂತ ಕೊಲಂಬ ಐರ್ಲೆಂಡಿನಿಂದ ಬಂದು ಮಠ ಕಟ್ಟಿದ ದ್ವೀಪ ಅದು. ಷಟ್ಕೋನದ ಕಂಬಗಳ ಗುಹೆ ಇರುವ ಸ್ಟಾಫಾಗೂ ಇಲ್ಲಿಂದ ದೋಣಿ ಇದೆ. ಪಫಿನ್ ಹಕ್ಕಿ ನೋಡಬೇಕಾದರೆ ಜುಲೈ ಮುಗಿಯುವುದರೊಳಗೆ ಹೋಗಿ, ಆಮೇಲೆ ಅವು ಕಡಲಿಗೆ ಹೊರಟುಹೋಗುತ್ತವೆ.

ಕನ್ನಡದವರಿಗೆ ಒಂದು ಕುತೂಹಲ. ಗ್ರೂಲಿನ್ ಅನ್ನುವಲ್ಲಿ ಲಾಕ್ಲನ್ ಮಕ್ವಾರಿಯ ಸಮಾಧಿ ಇದೆ. ಆಸ್ಟ್ರೇಲಿಯಾದವರಿಗೆ ಅವನು ನ್ಯೂ ಸೌತ್ ವೇಲ್ಸ್‌ನ ದೊಡ್ಡ ಗವರ್ನರ್. ಅದಕ್ಕೂ ಮುಂಚೆ 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಿದ್ದ ಸೇನೆಯಲ್ಲಿ ಅವನಿದ್ದ.

ಗ್ಲಾಸ್ಗೋದಿಂದ ಓಬನ್‌ಗೆ ಮೂರು ಗಂಟೆ ರೈಲು, ಅಲ್ಲಿಂದ ಫೆರಿಯಲ್ಲಿ ಒಂದು ಗಂಟೆಯೊಳಗೆ ಮಲ್‌ನ ಕ್ರೇಗ್ನೂರ್. ಅಷ್ಟರವರೆಗೆ ಎಲ್ಲ ಸಲೀಸು. ಆದರೆ ಮಲ್ ನಕ್ಷೆಯಲ್ಲಿ ಕಾಣುವುದಕ್ಕಿಂತ ದೊಡ್ಡದು, ರಸ್ತೆ ಒಂದೇ ಗಾಡಿಯ ಅಗಲ, ಬಸ್ ದಿನಕ್ಕೆ ಬೆರಳೆಣಿಕೆ. ಟೊಬರ್ಮೋರಿ ಒಂದು ತುದಿ, ಫಿಯನ್‌ಫರ್ಟ್ ಇನ್ನೊಂದು ತುದಿ. ಎರಡನ್ನೂ ಮಾಡುತ್ತೇನೆ ಅನ್ನಬೇಡಿ, ಒಂದು ತುದಿ ಆರಿಸಿ ಅಲ್ಲೇ ಕೂತುಬಿಡಿ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಮನಸ್ಸಿದ್ದರೆ ನನ್ನ ಪಟ್ಟಿಯಲ್ಲಿ ಮಲ್ ಮೊದಲನೆಯ ಸ್ಥಾನಕ್ಕೆ ಬರುತ್ತದೆ.

ಲೂಯಿಸ್ ಮತ್ತು ಹ್ಯಾರಿಸ್: ಎರಡನೇ ಸಲಕ್ಕೆ

ಹೆಸರು ಎರಡು, ದ್ವೀಪ ಒಂದೇ. ಉತ್ತರ ಲೂಯಿಸ್, ದಕ್ಷಿಣ ಹ್ಯಾರಿಸ್. ಇಲ್ಲಿಗೆ ಹೋಗುವುದೇ ಒಂದು ದಿನದ ಕೆಲಸ. ಇನ್ವರ್ನೆಸ್‌ವರೆಗೆ ರೈಲು, ಅಲ್ಲಿಂದ ಅಲ್ಲಾಪೂಲ್‌ಗೆ ಬಸ್, ಆಮೇಲೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಫೆರಿ, ಆಗ ಸ್ಟಾರ್ನೋವೇ. ಬರುವ ದಿನ, ಹೋಗುವ ದಿನ ಕಳೆದರೆ ಕೈಗೆ ಸಿಗುವುದು ಐದು ದಿನ. ಆ ಐದು ದಿನಕ್ಕೆ ಇದೆಲ್ಲ ಬೇಕಾ ಅಂದರೆ, ಹೌದು, ಬೇಕು.

ಹ್ಯಾರಿಸ್‌ನ ಪಶ್ಚಿಮ ದಡದ ಮರಳು ಬಿಳಿ, ನೀರು ಹಸಿರು ನೀಲಿ. ಲಸ್ಕೆಂಟೈರ್ ಕಡಲತೀರದ ಫೋಟೋ ತೋರಿಸಿ ಮಾಲ್ಡೀವ್ಸ್ ಅಂದರೆ ನಂಬುತ್ತಾರೆ, ನೀರಿಗೆ ಕಾಲಿಟ್ಟರೆ ಮಾತ್ರ ಸತ್ಯ ಗೊತ್ತಾಗುತ್ತದೆ. ದಡದ ಹಿಂದೆ ಮಕೇರ್ ಅನ್ನುವ ಹುಲ್ಲುಬಯಲು ಇದೆ. ಚಿಪ್ಪಿನ ಮರಳು ಗಾಳಿಗೆ ಹಾರಿ ಬಂದು ಕೂತ ನೆಲ ಅದು, ಜೂನ್ ಜುಲೈನಲ್ಲಿ ಪೂರ್ತಿ ಹೂವು. ಅಲ್ಲಿ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ, ಕೆಲವು ಕಡೆ ಜನ ಬೆಳೆಯನ್ನೂ ಬೆಳೆಯುತ್ತಾರೆ. ಎಲ್ಲಿ ಬೇಕೆಂದರಲ್ಲಿ ಗೂಟ ಹೊಡೆಯಬೇಡಿ. ಹಾರ್ಗಬಾಸ್ಟ್‌ನಲ್ಲಿ ದಡದ ಮೇಲೇ ಕ್ಯಾಂಪ್‌ಸೈಟ್ ಇದೆ, ಮೊದಲ ಎರಡು ರಾತ್ರಿ ಅಲ್ಲೇ ಇರುವುದು ವಾಸಿ.

ಲೂಯಿಸ್ ಕಡೆ ಕ್ಯಾಲನಿಶ್ ನಿಲುಗಲ್ಲುಗಳು, ಸುಮಾರು ಐದು ಸಾವಿರ ವರ್ಷ ಹಳೆಯವು. ಸ್ಟಾರ್ನೋವೇಯಿಂದ ಪಶ್ಚಿಮಕ್ಕೆ ಸುತ್ತುವ ಬಸ್ ಹಿಡಿದರೆ ಒಂದೇ ದಿನದಲ್ಲಿ ಇದನ್ನೂ, ಹುಲ್ಲು ಹೊದಿಸಿದ ಹಳೆಯ ಕಪ್ಪುಮನೆಗಳ ಹಳ್ಳಿಯನ್ನೂ ನೋಡಬಹುದು. ಮಳೆಯ ದಿನಕ್ಕೆ ಇದೇ ನನ್ನ ಉತ್ತರ. ದಾರಿಯ ಮನೆಗಳಿಂದ ಮಗ್ಗದ ಸದ್ದು ಕೇಳಿದರೆ ಅದು ಹ್ಯಾರಿಸ್ ಟ್ವೀಡ್ ಅನ್ನುವ ಉಣ್ಣೆ ಬಟ್ಟೆ. 1993ರ ಕಾಯ್ದೆಯ ಪ್ರಕಾರ ಈ ದ್ವೀಪಗಳ ಜನ ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯ್ದದ್ದಕ್ಕೆ ಮಾತ್ರ ಆ ಹೆಸರು.

ಇನ್ನು ಸ್ಟಾರ್ನೋವೇ. ಕಾಲಿನ್ ಮೆಕೆಂಜಿ ಹುಟ್ಟಿದ್ದು ಇಲ್ಲೇ, 1754ರಲ್ಲಿ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ನಡೆಸಿದವನು, ನಮ್ಮ ಊರೂರಿನ ಕೈಫಿಯತ್ತು, ಶಾಸನಗಳನ್ನು ಸಂಗ್ರಹಿಸಿದವನು, ಆಮೇಲೆ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ಮರವೇ ಇಲ್ಲದ ಈ ಪೀಟ್ ಬಯಲಿನಿಂದ ಹೊರಟ ಹುಡುಗ ಶ್ರೀರಂಗಪಟ್ಟಣದವರೆಗೆ ಬಂದ ಅನ್ನುವುದನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಬೇಕು.

ಎಚ್ಚರಿಕೆ ಎರಡು ವಿಷಯಕ್ಕೆ. ಮೊದಲನೆಯದು ಗಾಳಿ. ಅಡ್ಡ ನಿಲ್ಲಲು ಮರ ಇಲ್ಲ, ಅಟ್ಲಾಂಟಿಕ್‌ನಿಂದ ನೇರ ಬರುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಎತ್ತರದ ಟೆಂಟ್ ಇಲ್ಲಿ ಒಂದು ರಾತ್ರಿಯೂ ತಡೆಯುವುದಿಲ್ಲ, ತಗ್ಗಾದ, ಗಟ್ಟಿ ಕಂಬಿಯ ಟೆಂಟ್ ಬೇಕು. ಎರಡನೆಯದು ಭಾನುವಾರ. ಇಲ್ಲಿನವರಿಗೆ ಅದು ದೇವರ ದಿನ. ಬಸ್ ಓಡುವುದಿಲ್ಲ, ಬಹುತೇಕ ಅಂಗಡಿಗೆ ಬೀಗ. ಸ್ಟಾರ್ನೋವೇಯಿಂದ ಭಾನುವಾರ ಫೆರಿ ಶುರುವಾಗಿದ್ದೇ 2009ರಲ್ಲಿ, ಅದಕ್ಕೂ ದೊಡ್ಡ ಗಲಾಟೆಯಾಗಿತ್ತು. ಶನಿವಾರ ಸಂಜೆಯೊಳಗೆ ಊಟ, ನೀರು, ಗ್ಯಾಸ್ ತುಂಬಿಸಿಕೊಂಡು ಭಾನುವಾರ ಒಂದೇ ಜಾಗದಲ್ಲಿ ಇರುವ ಹಾಗೆ ಯೋಜನೆ ಮಾಡಿ. ನಿಜ ಹೇಳಬೇಕೆಂದರೆ ವಾರದಲ್ಲಿ ಅದೇ ಒಳ್ಳೆಯ ದಿನ.

ಎಗ್, ರಮ್, ಜುರಾ

ಎಗ್ ಪುಟ್ಟ ದ್ವೀಪ, ನೂರು ಚಿಲ್ಲರೆ ಜನ. 1997ರಲ್ಲಿ ಜನರೇ ಸೇರಿ ಜಮೀನುದಾರನಿಂದ ದ್ವೀಪ ಕೊಂಡುಕೊಂಡರು, 2008ರಿಂದ ಗಾಳಿ, ನೀರು, ಬಿಸಿಲಿನಿಂದ ತಮ್ಮದೇ ಕರೆಂಟ್ ಮಾಡಿಕೊಂಡಿದ್ದಾರೆ. ಪ್ರವಾಸಿಗರ ಕಾರು ಬಿಡುವುದಿಲ್ಲ, ಅಂದರೆ ಎಲ್ಲರೂ ನಿಮ್ಮ ಹಾಗೇ ನಡೆಯುವವರು. ಮಾತಾಡಿಸಲು ಜನ ಸಿಗುತ್ತಾರೆ. 393 ಮೀಟರಿನ ಸ್ಗೂರ್ ಹತ್ತಿದರೆ ಸುತ್ತಲ ದ್ವೀಪಗಳೆಲ್ಲ ಕಾಣುತ್ತವೆ. ಇಡೀ ವಾರಕ್ಕೆ ಚಿಕ್ಕದಾಯಿತು ಅನ್ನಿಸಬಹುದು. ಪುಸ್ತಕ ಇಟ್ಟುಕೊಂಡು ಸುಮ್ನೆ ಕೂರುವವರಿಗೆ ಇದಕ್ಕಿಂತ ಬೇರೆ ಬೇಡ.

ರಮ್ ಹಾಗಲ್ಲ. ಮೂರು ಎಗ್ ಹಿಡಿಸುವಷ್ಟು ವಿಸ್ತಾರ ಇದೆ, ಊರು ಒಂದೇ. ಬೆಟ್ಟದ ನೆತ್ತಿಯ ಬಿಲಗಳಲ್ಲಿ ಮ್ಯಾಂಕ್ಸ್ ಶಿಯರ್‌ವಾಟರ್ ಹಕ್ಕಿಗಳ ಬಹುದೊಡ್ಡ ವಸಾಹತು ಇದೆ, ರಾತ್ರಿ ಅವುಗಳ ಕೂಗು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಡಿಬಿಡಿಲ್, ಗ್ವಿರ್ಡಿಲ್ ಅಂತ ಎರಡು ಬಾತಿಗಳಿವೆ. ಆದರೆ ಹಳ್ಳ ಉಕ್ಕಿದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಒಬ್ಬರೇ ಅಭ್ಯಾಸ ಇಲ್ಲದೆ ಹೋಗಬೇಡಿ.

ಎರಡಕ್ಕೂ ಮ್ಯಾಲೆಗ್‌ನಿಂದ ಫೆರಿ, ಎಲ್ಲ ದಿನವೂ ಎಲ್ಲ ದ್ವೀಪಕ್ಕೂ ಇರುವುದಿಲ್ಲ. ಮೊದಲು ವೇಳಾಪಟ್ಟಿ, ಆಮೇಲೆ ಆಸೆ. ಜುರಾ ಬಗ್ಗೆ ಕೇಳುವವರು ಇದ್ದಾರೆ. ಒಂದೇ ರಸ್ತೆ, ಇನ್ನೂರು ಜನ, ಸಾವಿರಾರು ಜಿಂಕೆ, ಸಾಮಾನ್ಯವಾಗಿ ಪಕ್ಕದ ಐಲಾ (Islay) ದ್ವೀಪ ದಾಟಿ ಹೋಗಬೇಕು. ಮೂರನೇ ದಿನದ ಮಳೆಗೆ ಅದರ ಹತ್ತಿರ ಉತ್ತರ ಕಡಿಮೆ.

ಯಾವ ತಿಂಗಳು

ದ್ವೀಪಕ್ಕಿಂತ ಇದೇ ಮುಖ್ಯ ಅಂದರೂ ತಪ್ಪಿಲ್ಲ, ಕಾರಣ ಮಿಡ್ಜ್. ನೊರಜಿನಷ್ಟು ಚಿಕ್ಕ ಹುಳ, ಮೋಡದ ಹಾಗೆ ಮುತ್ತಿಕೊಂಡು ಕಚ್ಚುತ್ತದೆ. ಜೂನ್‌ನಿಂದ ಆಗಸ್ಟ್ ಅದರ ಕಾಲ, ಗಾಳಿ ಇಲ್ಲದ ತೇವದ ಸಂಜೆ ಅದರ ಹೊತ್ತು. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಗಾಳಿ ಇದ್ದರೆ ಹಾರಲಾಗುವುದಿಲ್ಲ. ಹಾಗಾಗಿ ಹ್ಯಾರಿಸ್ ದಡದಲ್ಲಿ ಕಾಟ ಕಡಿಮೆ, ಸ್ಲಿಗಾಕನ್ ಮತ್ತು ರಮ್‌ನಲ್ಲಿ ವಿಪರೀತ. ಮುಖಕ್ಕೆ ಹಾಕುವ ಬಲೆ ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ನಾಚಿಕೆ ಪಡದೆ ಕೊಳ್ಳಿ.

ನನ್ನ ಆಯ್ಕೆ ಮೇ ತಿಂಗಳು. ಪಶ್ಚಿಮ ಕರಾವಳಿಯಲ್ಲಿ ಮಳೆ ಕಡಿಮೆ ಇರುವ ಕಾಲ, ಮಿಡ್ಜ್ ಇನ್ನೂ ಜಾಸ್ತಿಯಾಗಿರುವುದಿಲ್ಲ, ರಾತ್ರಿ ಹತ್ತರ ಹತ್ತಿರದವರೆಗೆ ಬೆಳಕು. ಚಳಿ ಇರುತ್ತದೆ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬರುವವರು ತೆಳ್ಳಗಿನ ಸ್ಲೀಪಿಂಗ್ ಬ್ಯಾಗ್ ತಂದು ನಡುಗುವುದು ಇದಕ್ಕೇ. ಸೊನ್ನೆ ಡಿಗ್ರಿಗೆ ಆಗುವಂಥದ್ದು ತನ್ನಿ. ಸೆಪ್ಟೆಂಬರ್ ಎರಡನೇ ಆಯ್ಕೆ. ಅಕ್ಟೋಬರ್ ನಂತರ ಒಬ್ಬರೇ ಟೆಂಟಿನಲ್ಲಿ ಬೇಡವೇ ಬೇಡ.

ಚೀಲದ ಬಗ್ಗೆ ಸ್ವಲ್ಪ

ಗ್ಯಾಸ್ ಸಿಲಿಂಡರ್ ವಿಮಾನದಲ್ಲಿ ಬಿಡುವುದಿಲ್ಲ, ಲಗೇಜಿನಲ್ಲೂ ಇಲ್ಲ. ಗ್ಲಾಸ್ಗೋದಲ್ಲೇ ಕೊಳ್ಳಿ, ದ್ವೀಪದಲ್ಲಿ ಸಿಕ್ಕೇ ಸಿಗುತ್ತದೆ ಅಂದುಕೊಳ್ಳಬೇಡಿ. ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಇದ್ದರೆ ನೀವು ರಾಜ. ಬಿಸಿನೀರು ಹಾಕಿದರೆ ಆಯಿತು, ತೂಕವೂ ಇಲ್ಲ. ಕುರಿ ಮೇಯುವ ನಾಡು, ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಫಿಲ್ಟರ್ ಮಾಡಿ ಇಲ್ಲವೇ ಕುದಿಸಿ.

ಉಣುಗಿನ ಬಗ್ಗೆ ಯಾರೂ ಹೇಳುವುದಿಲ್ಲ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಉಣುಗಿನ ನೆಂಟನೇ ಅಲ್ಲಿ ಲೈಮ್ ಕಾಯಿಲೆ ಹರಡುತ್ತದೆ. ಜಿಂಕೆ ಇರುವ ಕಡೆಯೆಲ್ಲ ಇದೆ. ದಿನಾ ರಾತ್ರಿ ಮಂಡಿ ಹಿಂದೆ, ತೊಡೆ ಸಂದಿ, ಕಂಕುಳು ನೋಡಿಕೊಳ್ಳಿ. ತೆಗೆಯುವ ಚಿಕ್ಕ ಕೊಕ್ಕೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

ಒಬ್ಬರೇ ಇರುವುದರಿಂದ ಇನ್ನೊಂದು ಕೆಲಸ. ಅಲ್ಲಿನ ಸಿಮ್ ಹಾಕಿದ ಕೂಡಲೇ ತುರ್ತು ಸಂಖ್ಯೆ 999ಕ್ಕೆ ಇಂಗ್ಲಿಷಿನಲ್ಲಿ 'ರಿಜಿಸ್ಟರ್' ಅಂತ ಬರೆದು ಮೆಸೇಜ್ ಕಳಿಸಿ, ಬರುವ ಉತ್ತರದಲ್ಲಿ ಹೇಳಿದ ಹಾಗೆ ಮಾಡಿ. ಕರೆ ಹೋಗದಷ್ಟು ಸಿಗ್ನಲ್ ಕಡಿಮೆ ಇದ್ದಾಗಲೂ ಕೆಲವೊಮ್ಮೆ ಮೆಸೇಜ್ ಹೋಗುತ್ತದೆ. ಬೆಟ್ಟದಲ್ಲಿ ತೊಂದರೆಯಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಅವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಅಂತ ಪ್ರತಿದಿನ ಒಬ್ಬರಿಗಾದರೂ ತಿಳಿಸಿ.

ಫೆರಿ ಬುಕ್ ಮಾಡುವ ಮುಂಚೆ

ಈ ಫೆರಿಗಳನ್ನು ನಡೆಸುವುದು ಸರ್ಕಾರದ ಒಡೆತನದ ಕ್ಯಾಲ್‌ಮ್ಯಾಕ್. ಕಾರಿಗೆ ಬೇಸಿಗೆಯಲ್ಲಿ ವಾರಗಟ್ಟಲೆ ಮುಂಚೆ ಜಾಗ ಹಿಡಿಯಬೇಕು. ನಡೆದು ಹತ್ತುವವರಿಗೆ ಸಾಮಾನ್ಯವಾಗಿ ಕಷ್ಟವಿಲ್ಲ, ಕಾರಿಲ್ಲದೆ ಹೋಗುವುದರ ದೊಡ್ಡ ಲಾಭ ಇದು. ಗಾಳಿ ಜಾಸ್ತಿಯಾದರೆ ಅಥವಾ ಹಡಗು ಕೆಟ್ಟರೆ ಫೆರಿ ರದ್ದಾಗುತ್ತದೆ, ಬೇಸಿಗೆಯಲ್ಲೂ. ಅವರ ಆಪ್‌ನಲ್ಲಿ ನಿಮ್ಮ ಮಾರ್ಗದ ಸೂಚನೆ ಬರುವ ಹಾಗೆ ಮಾಡಿಕೊಳ್ಳಿ. ಭಾರತಕ್ಕೆ ವಾಪಸ್ ವಿಮಾನ ಇದ್ದರೆ ಆರನ್‌ನಿಂದ ಹಿಂದಿನ ದಿನ ಬೆಳಿಗ್ಗೆಯೇ ಹೊರಡಿ, ಸ್ಟಾರ್ನೋವೇಯಿಂದಾದರೆ ಎರಡು ದಿನ ಮುಂಚೆ. ಉಳಿದ ಆ ರಾತ್ರಿಗೆ ಗ್ಲಾಸ್ಗೋದಲ್ಲಿ ಹಾಸ್ಟೆಲ್ ಹಾಸಿಗೆ ಈಗಲೇ ಬುಕ್ ಮಾಡಿ, ಟೆಂಟ್ ಒಣಗಿಸಲೂ ಜಾಗ ಆಗುತ್ತದೆ.